ಬುಡದಲ್ಲಿ ಬಿಟ್ಟ ಕೊಂಬೆ

ಅರ್ಲೀನ್, ಹಟಮಾರಿ ಕತ್ತೆ, ಮೂರು ವರ್ಷದಿಂದ ಅಕ್ಕನಿಗೆ ಒಂದು ಸಾಲು ಬರೆಯದಂತೆ ನಿನ್ನ ಕೈಗೇನು ರೋಗ ಬಂದಿದೆ? ವಿಳಾಸ ಗೊತ್ತಿದ್ದರೂ ನಾನು ಈ ಕಾಗದವನ್ನು ಅಂಚೆಗೆ ಹಾಕುವವಳಲ್ಲ.

ಇವತ್ತು ಸರ್ಕಾರಿ ಕಾಡಿಗೆ ಪರವಾನಗಿ ಚೀಟಿ ಹಿಡಿದು ಕ್ರಿಸ್ಮಸ್ ಮರ ಕಡಿಯಲು ಒಬ್ಬಳೇ ಹೋಗಿದ್ದೆ. ಮೂರು ವರ್ಷದ ಹಿಂದೆ, ಕೊನೆಯ ಸಲ ನಾವಿಬ್ಬರೂ ಹೋದಾಗ ನೀನು ಕಡಿದ ಮರದ ಬುಡ ಕಣ್ಣಿಗೆ ಬಿತ್ತು.

"ಬುಡದಾಗೆ ಒಂದು ಹಸಿರು ಕೊಂಬೆ ಬಿಡ್ಬೇಕು ಅಂತ ಅಪ್ಪ ಹೇಳಿರ್ಲಿಲ್ವೇನೇ ಅಕ್ಕಾ?" ಎಂದಿದ್ದೆ ನೀನು.

"ನೆಲಮಟ್ಟಕ್ಕೆ ಕಡಿ ಅಂತ ಚೀಟೀಲಿದೆ. ಅಪ್ಪನೇನು ರೇಂಜರ‍್ರಾ?" ಎಂದು ನಾನೇ ರೇಂಜರನನ್ನು ಕೂಗಿ ಕರೆದಿದ್ದೆ. ಅವನು ನಿನ್ನ ಮರವನ್ನು ಜಪ್ತಿ ಮಾಡಿಕೊಂಡು ಹೋಗಿದ್ದ.

ನೀನು ಬಿಟ್ಟ ಆ ಕೊಂಬೆ ಈಗ ತಲೆಯೆತ್ತಿ, ಮೊಣಕಾಲೆತ್ತರದ ಮರವಾಗಿ ನಿಂತಿದೆ. ಪಕ್ಕದಲ್ಲೇ ನಾನು ನೆಲಮಟ್ಟಕ್ಕೆ ಕಡಿದ ಮರದ ಬುಡ ಕೊಳೆತಿದೆ. ಗರಗಸವನ್ನು ಚೀಲದಿಂದ ತೆಗೆಯದೆ ಬರಿಗೈಯಲ್ಲಿ ಬಂದೆ. ಈ ಕಾಗದಕ್ಕೆ ಅಂಚೆಚೀಟಿಯನ್ನೂ ಅಂಟಿಸಿದ್ದೇನೆ, ಇಷ್ಟಕ್ಕೇ ಬೀಗಬೇಡ. ಜನವರಿ ಹುಟ್ಟುವ ಮೊದಲು ಉತ್ತರ ಬರೆ.