ಬಿಳಿ ನೂಲಿನ ಎಂಚಿಲಾಡ

ಮನೆ, ಅಡುಗೆಮನೆಯ ಮೇಜು
ಭಾನುವಾರ, ಮಧ್ಯಾಹ್ನ ಮೂರು ಗಂಟೆ

ಪ್ರೀತಿಯ ಚೂಟಿಯಮ್ಮನಿಗೆ,

ಸೊಂಟದ ನೋವು ಹೇಗಿದೆ? ಪ್ರಯೋಗಾಲಯದಲ್ಲಿ ನಿಂತೇ ಕೆಲಸ ಮಾಡುವವಳು ನಡುವೆ ಹತ್ತು ನಿಮಿಷ ಕೂರುತ್ತೀಯಾ? ಕೂರುವುದಿಲ್ಲ, ನನಗೆ ಗೊತ್ತು. ಇಲ್ಲಿ ನನ್ನಮ್ಮನ ಕೆಮ್ಮು ಹೋಗಿದೆ, ನಿನ್ನ ಮಗಳು ಚೂಟಿಯ ಮುಂದಿನ ಹಲ್ಲೂ ಹೋಗಿದೆ. ನಾನು ಗುಂಡುಕಲ್ಲಿನ ಹಾಗಿದ್ದೇನೆ.

ನಿನ್ನ ಪತ್ರ ತಲುಪಿತು. ಮೂರು ತಿಂಗಳ ಕೆಲಸ ಮುಗಿಯುತ್ತಿದ್ದಂತೆ ಅಲ್ಲೇ ಎರಡು ವರ್ಷ ಪ್ರಯೋಗಾಲಯದ ಮುಖ್ಯಸ್ಥೆಯಾಗಿರು ಎನ್ನುತ್ತಿದ್ದಾರೆ, ಶುಕ್ರವಾರದೊಳಗೆ ಉತ್ತರ ಕೊಡಬೇಕು, ಮನೆ ನೆನೆದರೆ ಸಹಿ ಹಾಕಲು ಕೈ ಬರುವುದಿಲ್ಲ ಎಂದು ಬರೆದಿದ್ದೀಯ. ನೀನು ಹೊರಟ ದಿನ ಬಾಗಿಲಲ್ಲಿ ನಿಂತು "ನೀನು ಹೋದ್ರೆ ಈ ಮನೇಲಿ ಒಲೆ ಹತ್ತಲ್ಲ" ಅಂದಿದ್ದೆನಲ್ಲ, ಆ ಮಾತು ನಿನ್ನೊಳಗೆ ಕೂತಿದೆ. ಅದಿರಲಿ, ಮೊದಲು ಎಂಚಿಲಾಡದ ಸುದ್ದಿ ಕೇಳು.

ಸತತ ಮೂರನೇ ದಿನವೂ ಬೇಯಿಸಿದ ಮೊಟ್ಟೆ ಇಟ್ಟಾಗ ಚೂಟಿ ತಟ್ಟೆ ತಳ್ಳಿ, ನೀನು ಮಾಡುವ ಕೆನೆ ಸಾಸಿನ ಕೋಳಿ ಎಂಚಿಲಾಡ, ಆ ಮೆಕ್ಸಿಕೋ ಸುರುಳಿಯೇ ಬೇಕೆಂದು ಹಟ ಹಿಡಿದಳು. "ಅಮ್ಮ ಇಲ್ದೆ ಅದಾಗಲ್ಲ ಬಿಡಿ" ಎಂದು ತೀರ್ಪನ್ನೂ ತಾನೇ ಕೊಟ್ಟಳು. ನನಗೆ ರೋಷ ಬಂತು. ಬೀರುವಿನ ಬಾಗಿಲ ಒಳಗೆ ನೀನು ಅಂಟಿಸಿದ ಚೀಟಿ ನೋಡಿಕೊಂಡು ಕಳೆದ ಭಾನುವಾರ ಶುರುಮಾಡಿದೆ. ಬೆಂದ ಕೋಳಿಯನ್ನು ಎಳೆಯೆಳೆಯಾಗಿ ಬಿಡಿಸಿದೆ. ಹೊಲಿಗೆ ಬಿಚ್ಚುವ ಬೆರಳಿಗೆ ಅದೇನು ಕಷ್ಟ. ಬೆಣ್ಣೆಯಲ್ಲಿ ಹುರಿದ ಮೈದಾಕ್ಕೆ ಹಾಲನ್ನೆಲ್ಲ ಒಮ್ಮೆಗೇ ಸುರಿದು ಗಂಟು ಮಾಡಿಕೊಂಡೆ, ಜರಡಿ ಹಿಡಿದು ಬಚಾವಾದೆ. ಆದರೆ ಟೋರ್ಟಿಯಾ ರೊಟ್ಟಿಯಲ್ಲಿ ಕೋಳಿ ಇಟ್ಟು ಸುತ್ತಿದರೆ, ಎರಡನೆಯದನ್ನು ಸುತ್ತುವಷ್ಟರಲ್ಲಿ ಮೊದಲನೆಯದು ಬಾಯಿ ಬಿಡುತ್ತಿತ್ತು. ಇಪ್ಪತ್ತೆರಡು ವರ್ಷದಿಂದ ದರ್ಜಿಯಾಗಿರುವವನು ಏನು ಮಾಡಿಯಾನು? ಸೂಜಿ ತಂದೆ. ಎಂಟಕ್ಕೂ ಆಮೇಲೆ ಬಿಚ್ಚಿಬಿಡುವ ಕಚ್ಚಾ ಹೊಲಿಗೆ ಹಾಕಿದೆ. ಬಟ್ಟೆಗೆ ಹೊಂದುವ ನೂಲು ಹುಡುಕುವ ಅಭ್ಯಾಸ ನೋಡು, ಬಿಳಿ ನೂಲನ್ನೇ ಆರಿಸಿದೆ. ಮೇಲೆ ಬಿಳಿ ಸಾಸ್, ಚೀಸ್. ಓವನ್ನಿನಿಂದ ತೆಗೆದ ಮೇಲೆ ನೂಲು ಯಾವುದು, ಚೀಸಿನ ಎಳೆ ಯಾವುದು ಎಂದು ಯಾರಿಗೆ ಕಾಣಬೇಕು? ಅಮ್ಮ ಹಲ್ಲಿನ ಸಂದಿಯಿಂದ ಗೇಣುದ್ದ ನೂಲು ಎಳೆದು, "ನಿನ್ ಅಂಗಡೀನ ನನ್ ಬಾಯೊಳಗೂ ತೆರೆದ್ಯೇನೋ" ಎಂದರು. ಚೂಟಿ ಬಿದ್ದು ಬಿದ್ದು ನಕ್ಕಳು. ಆ ರಾತ್ರಿಯೂ ಮೂವರೂ ಮೊಟ್ಟೆಯನ್ನೇ ತಿಂದೆವು.

ಮಾರನೆಯ ದಿನ ಚೀಟಿಯನ್ನು ಅಂಗಡಿಗೆ ಒಯ್ದೆ. ಅದರ ಕೆಳಮೂಲೆ ಮಡಚಿ, ಜಿಡ್ಡಿಗೆ ಅಂಟಿಕೊಂಡಿತ್ತು. ಮೆಲ್ಲಗೆ ಬಿಡಿಸಿ, ಕಾಗದದ ನಡುವೆ ಇಟ್ಟು ಇಸ್ತ್ರಿ ಹಾಕಿದೆ. ಜಿಡ್ಡು ಬಿಟ್ಟು ನಿನ್ನ ಅಕ್ಷರ ಎದ್ದಿತು: "ಬಿಸಿ ಮಾಡಿ ಸುತ್ತು. ಮಡಚಿದ ಅಂಚು ಕೆಳಗಿರಲಿ." ಇಷ್ಟೇ. ತನ್ನ ಭಾರಕ್ಕೆ ತಾನೇ ಮುಚ್ಚಿಕೊಳ್ಳುವುದಕ್ಕೆ ನಾನು ಸೂಜಿ ತಂದಿದ್ದೆ.

ಇವತ್ತು ಹಾಲನ್ನು ಸ್ವಲ್ಪ ಸ್ವಲ್ಪವಾಗಿ ಹಾಕಿದೆ, ಟೋರ್ಟಿಯಾ ಬಿಸಿ ಮಾಡಿದೆ, ಮಡಚಿದ ಅಂಚು ಕೆಳಗಿಟ್ಟೆ. ಎಂಟೂ ಶಿಸ್ತಾಗಿ ಮಲಗಿದವು, ಒಂದೂ ಬಿಚ್ಚಲಿಲ್ಲ. ಸಾಸ್ ಅಂಚಿನಲ್ಲಿ ಕುದಿದು, ಮೇಲೆ ಹೊಂಬಣ್ಣ ಬಂದಿತ್ತು. ಅಮ್ಮ ಮೊದಲ ತುತ್ತನ್ನು ನೂಲು ಹುಡುಕುತ್ತಾ ಅಗಿದರು, ಎರಡು ಮುಗಿಸಿದರು, ಮೂರನೆಯದನ್ನು "ಉಪ್ಪು ಸರಿಯಿದ್ಯಾ ನೋಡ್ತೀನಿ" ಎಂದು ಹಾಕಿಸಿಕೊಂಡರು. ಚೂಟಿ ತಟ್ಟೆ ನೆಕ್ಕಿ, "ಅಮ್ಮಂದೇ ಚೆನ್ನಾಗಿರುತ್ತೆ, ಆದ್ರೆ ಇನ್ನೊಂದು ಹಾಕಿ" ಎಂದಳು. ನನಗೆ ಎದೆ ತುಂಬಿ ಬಂತು, ಸುಳ್ಳೇಕೆ ಹೇಳಲಿ.

ಅಮ್ಮ ನಿನ್ನನ್ನು ಹರಸಿದ್ದಾರೆ. ಚೂಟಿ ಹಲ್ಲಿಲ್ಲದ ಬಾಯಿಂದ ಮುತ್ತು ಕಳಿಸಿದ್ದಾಳೆ.

ನಿನ್ನ
ದರ್ಜಿ

ಮರೆತಿದ್ದೆ: ಒಲೆ ಹತ್ತಿದೆ. ಅವತ್ತು ನಾನು ಅಂದದ್ದು ತಪ್ಪು. ನಿನ್ನನ್ನು ಬಿಟ್ಟಿರುವ ಭಯಕ್ಕೆ ಅಂದೆ. ಜೊತೆಗಿನ ಪೊಟ್ಟಣದಲ್ಲಿ ಬಿಳಿ ಕೋಟು ಇದೆ. ಅಳತೆ ಕೇಳಲಿಲ್ಲ, ಕೈಗೆ ಗೊತ್ತು. ಜೇಬಿನ ಮೇಲೆ "ಮುಖ್ಯಸ್ಥೆ" ಎಂದು ಹೊಲಿದಿದ್ದೇನೆ, ಈ ಸಲ ಕೆಂಪು ನೂಲಿನಲ್ಲಿ, ಎಲ್ಲರಿಗೂ ಕಾಣಲಿ ಎಂದು. ಅದು ಕಚ್ಚಾ ಹೊಲಿಗೆಯಲ್ಲ, ಬಿಚ್ಚಲು ಬರುವುದಿಲ್ಲ. ಶುಕ್ರವಾರದವರೆಗೆ ಕಾಯಬೇಡ, ಹೂಂ ಅಂದುಬಿಡು.