ಕದಲಿಸಬಾರದು ಎಂಬ ಷರತ್ತು

ವಿನಿಪೆಗ್
ಮಾರ್ಚ್ 16, ಭಾನುವಾರ

ಪ್ರೀತಿಯ ಐರೀನ್ ಅಮ್ಮನಿಗೆ,

ನಿಮ್ಮ ಟ್ರೆಂಟ್‌ನ ನಮಸ್ಕಾರಗಳು. ಕ್ರಿಸ್‌ಮಸ್‌ಗೆಂದು ನೀವು ಹೆಣೆದ ಉಣ್ಣೆಯ ಕಾಲುಚೀಲ ಬಂದು ಮುಟ್ಟಿದ್ದು ಜನವರಿಯಲ್ಲಿ, ನಾನು ಉತ್ತರ ಬರೆಯುತ್ತಿರುವುದು ಮಾರ್ಚ್‌ನಲ್ಲಿ. ಬೈಯುವುದಿದ್ದರೆ ಈಗಲೇ ಬೈದುಬಿಡಿ. ಹದಿನಾರನೇ ವಯಸ್ಸಿನಲ್ಲಿ ನಿಮ್ಮ ಊರು ಪ್ರಿನ್ಸ್ ಆಲ್ಬರ್ಟ್‌ನ ಹುಡುಗರ ಐಸ್ ಹಾಕಿ ತಂಡಕ್ಕೆ ಆಡಲು ಬಂದು ನಿಮ್ಮ ಮನೆಯಲ್ಲಿ ಉಳಿದಿದ್ದಾಗ, ಭಾನುವಾರ ನನ್ನ ಹೆತ್ತಮ್ಮನಿಗೆ ಕಾಗದ ಬರೆಯದಿದ್ದರೆ ನೀವು ನನ್ನ ಮುಂದೆ ತಟ್ಟೆಯನ್ನೇ ಇಡುತ್ತಿರಲಿಲ್ಲ. ಈಗ ಆ ಅಮ್ಮನೂ ಇಲ್ಲ, ತಟ್ಟೆ ಇಡುವವರೂ ಇಲ್ಲ. ನನ್ನ ಶಿಸ್ತು ಹಾಳಾಗಿದೆ. ಫೋನ್ ಮಾಡಬಹುದಿತ್ತು, ಆದರೆ ನಿಮ್ಮ ಕಿವಿಗೆ ಬೀಳುವಷ್ಟು ಜೋರಾಗಿ ಮಾತಾಡಿದರೆ ಈ ಕಟ್ಟಡದಲ್ಲಿರುವ ಅಷ್ಟೂ ಮನೆಗಳಿಗೆ ನನ್ನ ಸಮಾಚಾರ ಗೊತ್ತಾಗುತ್ತದೆ.

ನಿಮ್ಮ ಮಂಡಿನೋವು ಹೇಗಿದೆ? ಮೆಟ್ಟಿಲ ಮೇಲಿನ ಹಿಮವನ್ನು ನೀವೇ ಎತ್ತಿ ಹಾಕುತ್ತಿದ್ದೀರಿ ಎಂದು ಪಕ್ಕದ ಮನೆಯವರಿಂದ ಕೇಳಿದೆ. ನಿಮ್ಮ ಯಜಮಾನರು ವಾಲ್ಟರ್ ಇದ್ದಿದ್ದರೆ ಸಲಿಕೆಯನ್ನು ಬಚ್ಚಿಡುತ್ತಿದ್ದರು. ಯಾರಿಗಾದರೂ ದುಡ್ಡು ಕೊಟ್ಟು ಮಾಡಿಸಿ. ನಾನು ಕಳಿಸುತ್ತೇನೆ ಎಂದರೆ ನೀವು ಸಿಟ್ಟಾಗುತ್ತೀರಿ, ಅದಕ್ಕೇ ಆ ಮಾತು ಎತ್ತುವುದಿಲ್ಲ.

ಪೇಪರಿನಲ್ಲಿ ನನ್ನ ಹೆಸರು ನೋಡಿ ಗಾಬರಿಯಾಗಿರುತ್ತೀರಿ. ಹೌದು, ನಾನು ಬೇರೆ ಕ್ಲಬ್ಬಿಗೆ ಹೋಗಲು ಒಪ್ಪಲಿಲ್ಲ. ಹೋದ ವಾರದ ಹಿಂದಿನ ಶುಕ್ರವಾರ ಮಧ್ಯಾಹ್ನ ಎರಡು ಗಂಟೆಗೆ ಆಟಗಾರರ ಸಂತೆ ಮುಚ್ಚಿತು. ಇನ್ನು ಈ ಋತು ಮುಗಿಯುವವರೆಗೆ ಯಾವ ಕ್ಲಬ್ಬೂ ಯಾರನ್ನೂ ಅದಲುಬದಲು ಮಾಡುವಂತಿಲ್ಲ. ನಾನು ಇಲ್ಲಿಯೇ ಇದ್ದೇನೆ.

ಇದರ ಬುಡ ಎಲ್ಲಿದೆ ಎಂಬುದನ್ನು ನಿಮಗೆ ಪೂರ್ತಿ ಹೇಳಿರಲಿಲ್ಲ. ಮೂರು ವರ್ಷದ ಹಿಂದೆ ನನ್ನ ಹಳೆಯ ಕರಾರು ಮುಗಿದಾಗ ನಾನೂ ಹೆಂಡತಿ ಜಿಲಿಯನ್ ಕೂಡ ಬೇರೆಯಾಗಿ ಇನ್ನೂ ಆರು ತಿಂಗಳಾಗಿರಲಿಲ್ಲ. ಮಗಳು ಮೇವ್‌ಗೆ ಆಗ ಆರು ವರ್ಷ. ದಕ್ಷಿಣದ ಒಂದು ಕ್ಲಬ್ ಕೈತುಂಬ ಕೊಡುತ್ತೇನೆಂದು ಕರೆಯಿತು. ಇಲ್ಲಿಯವರು ಅದಕ್ಕಿಂತ ಮೂರರಲ್ಲಿ ಒಂದು ಪಾಲು ಕಡಿಮೆ ಎಂದರು. ನಾನು ಇಲ್ಲಿಯದಕ್ಕೇ ಒಪ್ಪಿ, ಒಂದೇ ಒಂದು ಷರತ್ತು ಕೇಳಿದೆ. ನಾಲ್ಕು ವರ್ಷ ನನ್ನ ಸಹಿ ಇಲ್ಲದೆ ನನ್ನನ್ನು ಈ ಊರಿನಿಂದ ಕದಲಿಸಬಾರದು.

ನನ್ನ ಏಜೆಂಟ್ ಲೋರ್ನ್ ಕನ್ನಡಕ ತೆಗೆದು ಮೇಜಿನ ಮೇಲಿಟ್ಟು ನನ್ನನ್ನೇ ನೋಡಿದರು. "ಲೋಕದ ಆಟಗಾರರೆಲ್ಲ ವಿನಿಪೆಗ್‌ಗೆ ಮಾತ್ರ ಕಳಿಸ್ಬೇಡಿ ಅಂತ ಬರೆಸ್ತಾರೆ. ಚಳಿ, ಸೊಳ್ಳೆ, ಸಂಜೆ ಆರಕ್ಕೆ ಊರು ಮಲಗುತ್ತೆ. ವಿನಿಪೆಗ್‌ನಿಂದ ಕಳಿಸ್ಬೇಡಿ ಅಂತ ದುಡ್ಡು ಬಿಟ್ಟು ಬರೆಸ್ತಿರೋನು ನೀನೊಬ್ನೇ ಕಣೋ" ಎಂದರು. ನಾನು, "ಬುಧವಾರ ಮತ್ತೆ ಎರಡು ವಾರಕ್ಕೊಂದು ಶನಿವಾರ ಭಾನುವಾರ ನನಗೆ ಈ ಊರಲ್ಲಿ ಕೆಲಸ ಇದೆ" ಎಂದೆ. ಮಗಳು ನನ್ನ ಹತ್ತಿರ ಇರುವ ದಿನಗಳು ಅವು. ಅವರು ಮತ್ತೆ ಕನ್ನಡಕ ಹಾಕಿಕೊಂಡು ಬರೆಸಿದರು.

ಈ ವರ್ಷ ತಂಡ ನೆಲ ಕಚ್ಚಿದೆ. ಫೆಬ್ರವರಿ ಕೊನೆಯಲ್ಲಿ ಮ್ಯಾನೇಜರ್ ಬ್ರೂಸ್ ಹ್ಯಾಲೆಟ್ ನನ್ನನ್ನು ಕೋಣೆಗೆ ಕರೆದರು. ಅವರೇ ಕಾಫಿ ಬಗ್ಗಿಸಿ ಕೊಟ್ಟಾಗಲೇ ನನಗೆ ವಾಸನೆ ಹೊಡೆಯಿತು.

"ನೋಡು ಟ್ರೆಂಟ್, ಮೂವತ್ನಾಲ್ಕಾಯ್ತು ನಿಂಗೆ. ಇಲ್ಲಿ ನಾವು ಹೊಸಬರನ್ನ ಕಟ್ಕೊಂಡು ಮತ್ತೆ ಮೊದ್ಲಿಂದ ಶುರು ಮಾಡ್ಬೇಕು. ನಿನ್ನ ಮೂರು ಕಡೆಯಿಂದ ಕೇಳ್ತಿದಾರೆ."

"ಹೆಸರು ಹೇಳ್ಬೇಡಿ" ಎಂದೆ.

"ಕೇಳೋಕೇನು ಕಷ್ಟ? ಕೇಳಿದ್ರೆ ಕಿವಿ ಸವೆದು ಹೋಗುತ್ತಾ?"

"ಕೇಳಿದ್ರೆ ಆಸೆ ಹುಟ್ಟುತ್ತೆ."

ಅದು ಸುಳ್ಳಲ್ಲ, ಅಮ್ಮ. ಆ ಮೂರರಲ್ಲಿ ಒಂದಾದರೂ ಈ ವರ್ಷ ಕಪ್ ಗೆಲ್ಲಬಹುದಾದ ತಂಡ ಇದ್ದೇ ಇರುತ್ತದೆ. ಹದಿನಾಲ್ಕು ವರ್ಷ ಆಡಿದ್ದೇನೆ, ಒಮ್ಮೆಯೂ ಆ ಬೆಳ್ಳಿಯನ್ನು ಮುಟ್ಟಿ ನೋಡಿಲ್ಲ. ಹೆಸರು ಕಿವಿಗೆ ಬಿದ್ದರೆ ರಾತ್ರಿ ನಿದ್ದೆ ಬರುವುದಿಲ್ಲ, ಬೆಳಗಾಗುವುದರೊಳಗೆ ಸಹಿ ಹಾಕಿಬಿಡುತ್ತೇನೇನೋ ಎಂಬ ಹೆದರಿಕೆ. ಲೋರ್ನ್ ಕೂಡ ಫೋನ್ ಮಾಡಿ, "ಬೇಡ ಅನ್ನೋ ಮುಂಚೆ ಏನು ಬೇಡ ಅಂತಿದೀನಿ ಅಂತಾದ್ರೂ ತಿಳ್ಕೊ ಮಾರಾಯ" ಎಂದರು. ಅವರ ಬಾಯನ್ನೂ ಮುಚ್ಚಿಸಿದೆ. ನನ್ನ ಹಟ ನಿಮಗೆ ಹೊಸದೇನಲ್ಲ.

ನನ್ನನ್ನು ಕೊಟ್ಟರೆ ಕ್ಲಬ್ಬಿಗೆ ಬದಲಾಗಿ ಏನು ಸಿಗುತ್ತಿತ್ತು ಎಂದು ಮಾತ್ರ ಬ್ರೂಸ್ ಹೇಳಿದರು. ಮುಂದಿನ ಬೇಸಿಗೆಗಲ್ಲ, ಅದರಾಚೆಯ ಬೇಸಿಗೆಗೆ ಕ್ಲಬ್ಬುಗಳು ಸರದಿಯಂತೆ ಹೊಸ ಹುಡುಗರನ್ನು ಆರಿಸಿಕೊಳ್ಳುವಾಗ ಎರಡನೇ ಸುತ್ತಿನಲ್ಲಿ ಒಬ್ಬನನ್ನು ತೆಗೆದುಕೊಳ್ಳುವ ಹಕ್ಕು. ಅಂದರೆ ನನ್ನ ಬೆಲೆ ಈಗ ಇನ್ನೂ ಮೀಸೆ ಮೂಡದ ಯಾವನೋ ಒಬ್ಬ ಹುಡುಗ. ಅವನು ಯಾರೆಂದು ಅವನಿಗೂ ಗೊತ್ತಿಲ್ಲ. ಎಲ್ಲೋ ನಿಮ್ಮಂಥವರ ಮನೆಯ ಕೆಳಗಿನ ಕೋಣೆಯಲ್ಲಿ, ಮನೆಯ ನೆನಪಾಗಿ ದಿಂಬಿಗೆ ಮುಖ ಒತ್ತಿಕೊಂಡು ಮಲಗಿರುತ್ತಾನೆ. ನಾನು ಹಾಗೆ ಮಲಗುತ್ತಿದ್ದುದು ನಿಮಗೆ ಕೇಳಿಸುತ್ತಿತ್ತು ಎಂದು ನನಗೆ ಗೊತ್ತಾದದ್ದು ಎಷ್ಟೋ ವರ್ಷದ ಮೇಲೆ. ಬೆಳಿಗ್ಗೆ ನೀವು ಏನೂ ಕೇಳದೆ ನಿಮ್ಮ ಆಲೂಗಡ್ಡೆ ಕಡುಬು, ಆ ಪೆರೋಗಿ, ಎರಡು ಹೆಚ್ಚು ಬಡಿಸುತ್ತಿದ್ದಿರಿ.

ಒಪ್ಪಲಿಲ್ಲವಲ್ಲ, ಈಗ ಅದರ ರುಚಿ ನೋಡುತ್ತಿದ್ದೇನೆ. ಡ್ರೆಸ್ಸಿಂಗ್ ರೂಮಿನಲ್ಲಿ ಯಾರೂ ಕೆಟ್ಟದಾಗಿ ನಡೆದುಕೊಳ್ಳುವುದಿಲ್ಲ, ಆದರೆ ನಾನು ಒಳಗೆ ಬಂದರೆ ಮಾತು ಸ್ವಲ್ಪ ತಗ್ಗುತ್ತದೆ. ಸ್ವೀಡನ್‌ನ ನಮ್ಮ ಗೋಲ್ ಕೀಪರ್ ಮಾತ್ರ ತಮಾಷೆ ಮಾಡುತ್ತಾನೆ. "ಅಜ್ಜಾ, ನೀನು ಆಟಗಾರ ಅಲ್ಲ, ಕಟ್ಟಡದ ಕಂಬ. ನಿನ್ನ ತೆಗೆದ್ರೆ ಸೂರು ಬೀಳುತ್ತೆ ಅಂತ ಬಿಟ್ಟಿದಾರೆ." ರೇಡಿಯೋದಲ್ಲಿ ಒಬ್ಬ ಪುಣ್ಯಾತ್ಮ ಫೋನ್ ಮಾಡಿ, "ಈ ಟ್ರೆಂಟ್ ಲವಾಲೆ ಮನೆಯಳಿಯನ ಥರ ಕೂತಿದಾನೆ, ಏಳೋದೂ ಇಲ್ಲ, ದುಡಿಯೋದೂ ಇಲ್ಲ" ಎಂದ. ಮಂಗಳವಾರ ನಾನು ಪಕ್ ಬಿಲ್ಲೆಯನ್ನು ಮುಟ್ಟಿದಾಗಲೆಲ್ಲ ಜನ ಕೂಗಿ ಛೀಮಾರಿ ಹಾಕಿದರು. ಗುರುವಾರ ಕೋಚ್ ನನ್ನನ್ನು ಕೈಬಿಟ್ಟು ಒಬ್ಬ ಹೊಸ ಹುಡುಗನನ್ನು ಇಳಿಸಿದರು. ನಾನು ಸೂಟು ಹಾಕಿಕೊಂಡು ಮೇಲೆ ಪತ್ರಕರ್ತರ ಸಾಲಿನಲ್ಲಿ ಕೂತು ಪಾಪ್‌ಕಾರ್ನ್ ತಿಂದೆ. ಮೇಲಿನಿಂದ ನೋಡಿದರೆ ಆಟ ಬಹಳ ಸುಲಭ ಕಾಣುತ್ತದೆ.

ಉಳಿದಂತೆ ದಿನಗಳು ಉದ್ದ. ಬೆಳಿಗ್ಗೆ ಅಭ್ಯಾಸ, ಮಧ್ಯಾಹ್ನ ನಿದ್ದೆ, ಸಂಜೆ ಒಬ್ಬನಿಗೆ ಸಾಕಾಗುವಷ್ಟು ಸೂಪು. ಅಂಗಡಿಯಲ್ಲಿ ಒಬ್ಬನಿಗೆ ಅಂತ ಏನನ್ನೂ ಮಾಡಿಟ್ಟಿರುವುದಿಲ್ಲ, ಬ್ರೆಡ್ಡು ಯಾವಾಗಲೂ ಬೂಸ್ಟು ಹಿಡಿಯುತ್ತದೆ. ಕಿಟಕಿಯ ಕೆಳಗೆ ನದಿ ಹೆಪ್ಪುಗಟ್ಟಿ ಮಲಗಿದೆ. ಕೆಲವು ಸಂಜೆ ಯಾರ ಹತ್ತಿರವೂ ಒಂದು ಮಾತಾಡದೆ ಮಲಗಿದೆನೆಂದು ಮರುದಿನ ಕಾಫಿ ಅಂಗಡಿಯಲ್ಲಿ ಗಂಟಲು ಕಟ್ಟಿದಾಗ ಗೊತ್ತಾಗುತ್ತದೆ.

ಆದರೆ ಬುಧವಾರ ಬರುತ್ತದೆ. ಮೇವ್ ಬಂದರೆ ಬೂಟು ಒಂದು ಮೂಲೆಗೆ, ಟೋಪಿ ಇನ್ನೊಂದು ಮೂಲೆಗೆ. ಇಬ್ಬರೂ ನದಿಯ ಮೇಲೆ ಸ್ಕೇಟ್ ಮಾಡಿ ಬಂದು ಪೊಟ್ಟಣದ ಪೆರೋಗಿ ಬೇಯಿಸಿಕೊಳ್ಳುತ್ತೇವೆ. "ಇದು ಐರೀನ್ ಅಜ್ಜಿ ಪೆರೋಗಿ ಥರ ಇಲ್ಲ" ಎಂದು ಪ್ರತಿ ಸಲ ಹೇಳಿ ಪ್ರತಿ ಸಲ ತಟ್ಟೆ ಖಾಲಿ ಮಾಡುತ್ತಾಳೆ. ಫೆಬ್ರವರಿಯಲ್ಲಿ ಒಂದು ಬುಧವಾರ, "ಅಪ್ಪಾ, ಒಟ್ಟಾವಾದಲ್ಲಿ ಜನ ಕಾಲುವೆ ಮೇಲೆ ಸ್ಕೇಟ್ ಮಾಡ್ಕೊಂಡೇ ಆಫೀಸಿಗೆ ಹೋಗ್ತಾರಂತೆ, ನಿಜನಾ?" ಎಂದು ಕೇಳಿದಳು.

"ನಿಜ. ರಾಜಧಾನಿ ಜನಕ್ಕೆ ಆಫೀಸಲ್ಲಿ ಅವಸರದ ಕೆಲಸ ಏನೂ ಇರಲ್ಲ."

"ಊರು ಚೆನ್ನಾಗಿದೆಯಾ?"

"ನಾನು ವರ್ಷಕ್ಕೊಂದು ಸಲ ಹೋಗಿ ಸೋತು ಬರ್ತೀನಿ, ಊರು ಎಲ್ಲಿ ನೋಡ್ಲಿ?"

ಅವಳು ನಗಲಿಲ್ಲ. ಶಾಲೆಯಲ್ಲಿ ಭೂಗೋಳ ಚೆನ್ನಾಗಿ ಹೇಳಿಕೊಡುತ್ತಿದ್ದಾರೆ ಎಂದುಕೊಂಡೆ. ಅವಳನ್ನು ಕಳಿಸಿದ ಮೇಲೆ ಮನೆ ಬಿಕೋ ಎನ್ನುತ್ತದೆ, ಆದರೆ ಆ ಬಿಕೋ ಎನ್ನುವುದಕ್ಕೆ ಒಂದು ಗಡುವು ಇದೆ. ಇನ್ನೊಂದು ಬುಧವಾರ ದೂರದಲ್ಲೇನೂ ಇರುವುದಿಲ್ಲ. ಅದಕ್ಕೇ ನಾನು ತಪ್ಪು ಮಾಡಿದೆ ಎಂದು ನನಗೆ ಅನ್ನಿಸಿಲ್ಲ. ಜನ ಕೂಗಲಿ. ಕಪ್ಪನ್ನು ಬೇರೆ ಯಾರಾದರೂ ಎತ್ತಲಿ.

ಬೇಸಿಗೆಯಲ್ಲಿ ಅವಳನ್ನು ಕರೆದುಕೊಂಡು ಬರುತ್ತೇನೆ. ನಿಜವಾದ ಪೆರೋಗಿ ಹೇಗಿರುತ್ತದೆಂದು ಮತ್ತೊಮ್ಮೆ ತೋರಿಸಬೇಕು. ಪಂದ್ಯಕ್ಕೆ ಹೊರಡುವಾಗ ನೀವು ಹಿಟ್ಟಿನ ಕೈಯಿಂದಲೇ ನನ್ನ ಹಣೆಗೆ ಶಿಲುಬೆ ಗುರುತು ಹಾಕುತ್ತಿದ್ದಿರಿ. ಬಸ್ಸಿನಲ್ಲಿ ಹುಡುಗರು ನಗುತ್ತಾರೆಂದು ತಿರುವಿನಲ್ಲಿ ಒರೆಸಿಕೊಳ್ಳುತ್ತಿದ್ದೆ. ಈಗ ಅಲ್ಲಿಂದಲೇ ಒಂದು ಗುರುತು ಹಾಕಿ, ಒರೆಸಿಕೊಳ್ಳುವುದಿಲ್ಲ. ದೇವರು ನಿಮ್ಮ ಮಂಡಿಗೆ ಬಲವನ್ನೂ ಮನೆಗೆ ಬೆಚ್ಚಗಿನ ಏಪ್ರಿಲ್ ತಿಂಗಳನ್ನೂ ಕೊಡಲಿ.

ನಿಮ್ಮ ಕೆಳಗಿನ ಕೋಣೆಯ ಹುಡುಗ,
ಟ್ರೆಂಟ್

ಸೇರಿಸಿದ ಮಾತು: ಗುರುವಾರ ಬರೆಯುತ್ತಿದ್ದೇನೆ. ಅಂಟಿಸಿದ್ದ ಲಕೋಟೆಯನ್ನು ಹರಿದು ಈ ಹಾಳೆ ಸೇರಿಸುತ್ತಿದ್ದೇನೆ. ಮೇಲೆ ಬರೆದದ್ದನ್ನು ಹಾಗೆಯೇ ಇರಲು ಬಿಟ್ಟಿದ್ದೇನೆ.

ನಿನ್ನೆ ಮೇವ್‌ಳನ್ನು ಬಿಡಲು ಬಂದ ಜಿಲಿಯನ್ ಕಾರಿನಿಂದ ಇಳಿದಳು. ಮೂರು ವರ್ಷದಲ್ಲಿ ಅವಳು ಇಳಿದವಳಲ್ಲ. ಮಗುವನ್ನು ಒಳಗೆ ಕಳಿಸಿ, ಬಾಗಿಲ ಹೊರಗೆ ನಿಂತು ಹೇಳಿದಳು. ಅವಳ ಈಗಿನ ಗಂಡ ಗ್ರಾಂಟ್‌ಗೆ ಸರ್ಕಾರದ ಧಾನ್ಯ ಇಲಾಖೆಯಲ್ಲಿ ಬಡ್ತಿಯಾಗಿದೆ, ಒಟ್ಟಾವಾಕ್ಕೆ. ಜೂನ್‌ನಲ್ಲಿ ಶಾಲೆ ಮುಗಿದ ಕೂಡಲೇ ಎಲ್ಲರೂ ಹೋಗುತ್ತಾರೆ.

"ಯಾವಾಗ ಗೊತ್ತಾಯ್ತು?" ಎಂದೆ.

"ಜನವರಿಲಿ."

"ಹೇಳ್ಬಹುದಿತ್ತಲ್ಲ ಜಿಲಿಯನ್."

"ಹೇಳಿದ್ರೆ ನೀನು ಮತ್ತೆ ನಮಗೋಸ್ಕರ ಏನೋ ಒಂದು ಬಿಟ್ಕೊಡ್ತಿದ್ದೆ. ಒಂದು ಸಲ ಬಿಟ್ಟಿದ್ದೇ ನಂಗೆ ಭಾರ ಆಗಿದೆ. ಈ ಸಲನಾದ್ರೂ ನಿನ್ನ ಆಟ ನೋಡ್ಕೊಂಡು ನೀನು ಹೋಗ್ಲಿ, ಸಂತೆ ಮುಚ್ಚೋವರೆಗೂ ಬಾಯಿ ಬಿಡೋದು ಬೇಡ ಅಂದ್ಕೊಂಡೆ. ಮಗೂಗೂ ಹೇಳಕೂಡದು ಅಂದಿದ್ದೆ. ನೀನು ಹೋಗೇ ಹೋಗ್ತೀಯ ಅಂತಿದ್ದೆ ಟ್ರೆಂಟ್. ಯಾರಾದ್ರೂ ಹೋಗ್ತಿದ್ರು."

ಅವಳ ಮೇಲೆ ಸಿಟ್ಟು ಮಾಡಿಕೊಳ್ಳಲು ಎಷ್ಟು ಪ್ರಯತ್ನಿಸಿದರೂ ಆಗಲಿಲ್ಲ. ಅವಳು ಹೋದ ಮೇಲೆ ಹೊರಗೇ ನಿಂತು ಲೋರ್ನ್‌ಗೆ ಫೋನ್ ಮಾಡಿದೆ, ಕೋರ್ಟಿಗೆ ಹೋಗು ಎಂದರು. ಚಳಿಗಾಲದ ಅರ್ಧ ವಿಮಾನದಲ್ಲಿ ಕಳೆಯುವ ನನಗೆ ಯಾವ ಜಡ್ಜ್ ಮಗು ಕೊಡುತ್ತಾನೆ? ಮೇವ್‌ಳನ್ನು ಅಲ್ಲಿ ನಿಲ್ಲಿಸಿ ಯಾರು ಬೇಕು ಎಂದು ಕೇಳಿಸಲು ನನಗೆ ಮನಸ್ಸೂ ಇಲ್ಲ.

ಆಮೇಲೆ ಬ್ರೂಸ್‌ಗೆ ಫೋನ್ ಮಾಡಿದೆ. ಆ ಮೂರು ಹೆಸರು ಯಾವುದು ಎಂದು ಕೇಳಿದೆ. "ಈಗ ಯಾಕೋ?" ಎಂದರು. ಹೇಳಿ ಎಂದೆ. ಎರಡು ಹೆಸರು ಹೇಳಿದರು. ಮೂರನೆಯದು ಒಟ್ಟಾವಾ. "ಅವರೇ ಎಲ್ಲರಿಗಿಂತ ಜಾಸ್ತಿ ಹಿಂದೆ ಬಿದ್ದಿದ್ರು, ಕೊನೆ ಗಂಟೇಲೂ ಫೋನ್ ಮಾಡಿದ್ರು. ನೀನು ಇಲ್ಲ ಅಂದ್ಮೇಲೆ ಬೇರೆಯವನನ್ನ ತಗೊಂಡು ಮೂರು ವರ್ಷಕ್ಕೆ ಬರೆಸ್ಕೊಂಡ್ರು. ಇನ್ನು ಬೇಸಿಗೇಲಿ ಸಂತೆ ತೆರೆದ್ರೂ ಅಲ್ಲಿ ಜಾಗ ಇಲ್ಲ" ಎಂದರು.

ಒಳಗೆ ಹೋದರೆ ಮೇವ್ ಟೋಪಿಯನ್ನೂ ತೆಗೆಯದೆ ಕೂತಿದ್ದಳು. "ಅಮ್ಮ ಹೇಳಿದ್ಳಾ?" ಎಂದಳು. ಹೌದೆಂದೆ. "ಇಷ್ಟು ದಿನ ಗುಟ್ಟಾಗಿ ಇಟ್ಕೊಂಡಿದ್ದೆ ಅಪ್ಪಾ. ಕಾಲುವೆ ನಿಜವಾಗ್ಲೂ ಇದೆಯಲ್ಲ, ನೀನೂ ಬಂದ್ಬಿಡು" ಎಂದಳು.

ಕರಾರು ಇನ್ನೂ ಒಂದು ವರ್ಷ ಇದೆ, ಅಮ್ಮ. ಅಲ್ಲಿಯವರೆಗೆ ಈ ಊರಿನಿಂದ ನನ್ನನ್ನು ಯಾರೂ ಕದಲಿಸುವಂತಿಲ್ಲ.