ಸಾವಿತ್ರಕ್ಕನ ಬಸ್ ಪ್ರೋಗ್ರಾಮಿನಲ್ಲಿ ಸಿಕ್ಕ ತಪ್ಪು

ಸಾವಿತ್ರಕ್ಕಾ,

ನಿನ್ನ ಬಸ್ ಪ್ರೋಗ್ರಾಮಿನಲ್ಲಿ ಒಂದು ತಪ್ಪಿತ್ತು. ಯಲ್ಲಾಪುರದ ನಸ್ರೀನ್ ಎಂಬ ವಿದ್ಯಾರ್ಥಿನಿ ಅದನ್ನು ಹುಡುಕಿ ತಿದ್ದಿದ್ದಾಳೆ. ನನಗೆ ಇದನ್ನು ಮೊದಲು ತಿಳಿಸಿದವನು ಲ್ಯಾಬಿನ ಗಣಪತಿ. ಯಾರಿಗೋ ಏನೋ ಆಗಿದೆ ಎನ್ನುವ ಮುಖ ಮಾಡಿಕೊಂಡು ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು, "ಸರ್, ಒಂದ್ಸಲ ಬನ್ನಿ. ಆ ಕೂಸು ಅಕ್ಕೋರ ಪ್ರೋಗ್ರಾಮಿಗೇ ಕೈ ಹಾಕಿದ್ದು" ಎಂದ.

ನಮ್ಮ ಕಾಲೇಜಿನ ಈ ಪ್ರೋಗ್ರಾಮಿಂಗ್ ಕೋರ್ಸಿಗೆ ನೀನು ವೇಳಾಪಟ್ಟಿ ಮಾಡಿದ್ದು ನೆನಪಾಗುತ್ತದೆ. ವಿಶ್ವವಿದ್ಯಾಲಯ ಒಪ್ಪಿಗೆ ಕೊಟ್ಟ ಮಾರನೇ ದಿನ ನೀನು ಹೋದದ್ದು ಲ್ಯಾಬಿಗಲ್ಲ, ಶಿರಸಿ ಬಸ್‌ಸ್ಟ್ಯಾಂಡಿಗೆ. ಸಂಜೆಯ ತನಕ ಲ್ಯಾಬ್ ಇಡೋಣ ಎಂದ ನನಗೆ, "ಹುಲೇಕಲ್ ಬಸ್ ಹೋದ್ಮೇಲೆ ಯಾರಿಗೆ ಕಲಿಸ್ತೆ ತಮಾ, ಕುರ್ಚಿಗಾ?" ಎಂದು ಕೇಳಿದ್ದೆ. ಅಲ್ಲಿ ಬರೆದುಕೊಂಡು ಬಂದ ಬಸ್ಸಿನ ಹೊತ್ತುಗಳನ್ನೇ ನೀನು ಮೊದಲ ಪಾಠ ಮಾಡಿದೆ. ಹುಲೇಕಲ್, ಕಾನಸೂರು, ಯಲ್ಲಾಪುರ, ಯಾವ ಊರಿನ ಹೆಸರು ಕೊಟ್ಟರೂ ಮುಂದಿನ ಬಸ್ ಎಷ್ಟು ಹೊತ್ತಿಗೆ ಎಂದು ಹೇಳುವ ಪುಟ್ಟ ಪ್ರೋಗ್ರಾಮ್. ಅದರ ಪ್ರತಿ ಬದಲಾವಣೆಯೂ ಗಿಟ್‌ನಲ್ಲಿತ್ತು. ಯಾವ ಸಾಲನ್ನು ಯಾರು, ಯಾವಾಗ, ಯಾಕೆ ಬದಲಿಸಿದರು ಎಂದು ನೆನಪಿಡುವ ಆ ಸಾಧನವನ್ನು ಕಲಿಸದೆ ಪ್ರೋಗ್ರಾಮಿಂಗ್ ಕಲಿಸುವುದು ಅರ್ಧ ಕೆಲಸ ಎನ್ನುತ್ತಿದ್ದೆ ನೀನು.

ಮುಯ್ಯಾಳಿನ ನಿಯಮವನ್ನು ನೀನು ವಿವರಿಸಿದಾಗ ಮಕ್ಕಳು ನಕ್ಕಿದ್ದರು. ಇವತ್ತು ನಿಮ್ಮನೆ ಕೆಲಸಕ್ಕೆ ನಾವು, ನಾಳೆ ನಮ್ಮನೆಗೆ ನೀವು, ತೋಟದಲ್ಲಿ ನಡೆಯುವಂತೆ. ಒಬ್ಬರು ಬರೆದದ್ದನ್ನು ಇನ್ನೊಬ್ಬರು ಓದಿ ತಪ್ಪು ಹೇಳಬೇಕು, ಮುಂದಿನ ವಾರ ಅವರು ಇವರದ್ದನ್ನು ಓದಬೇಕು. ಆದದ್ದೇನು? ಎಲ್ಲರೂ ಎಲ್ಲರಿಗೂ "ಚೊಲೋ ಇದ್ದು" ಎಂದು ಬರೆದರು. ಧಾರವಾಡ ಕಡೆಯಿಂದ ಬಂದಿದ್ದ ವಿಶ್ವವಿದ್ಯಾಲಯದ ಪರಿಶೀಲಕರು ಅದನ್ನೆಲ್ಲ ಓದಿ, "ಏನ್ರಿ ಮೇಡಮ್ಮಾರ, ಇದು ಪರೀಕ್ಷಾನೋ, ಮದುವಿ ಮನಿ ಊಟಾನೋ? ಎಲ್ಲಾರೂ ಚಲೋ ಅಂತಾರಲ್ರಿ!" ಎಂದಾಗ ನೀನೂ ನಕ್ಕೆ. ಹೋಗುವಾಗ ಅವರು ಹೇಳಿದ ಮಾತಿಗೆ ಮಾತ್ರ ನಗಲಿಲ್ಲ. ಮುಂದಿನ ತಂಡವೂ ಹೀಗೇ ಮಾಡಿದರೆ ಲ್ಯಾಬಿನ ಪ್ರಯೋಗ ತೆಗೆದುಹಾಕಿ ಲಿಖಿತ ಪರೀಕ್ಷೆ ಇಡುತ್ತೇವೆ ಎಂದಿದ್ದರು.

ಅವತ್ತು ಮೆಟ್ಟಿಲಿಳಿಯುತ್ತ ನೀನು ಹೇಳಿದ್ದು: "ಹಾಳೆ ಮೇಲೆ ಬರ್ದ ಪ್ರೋಗ್ರಾಮು ಕೆಡ್ತೇ ಇಲ್ಲೆ ತಮಾ. ಕೆಡದೇ ಹೋದ್ರೆ ಕಲಿಯದು ಎಂತರ?" ಮುಂದಿನ ತಂಡಕ್ಕೆ ಬೇರೆ ಏನೋ ಮಾಡೋಣ, ಯೋಚಿಸಿ ಹೇಳುತ್ತೇನೆ ಎಂದಿದ್ದೆ ನೀನು. ಹೇಳುವಷ್ಟರಲ್ಲಿ...

ಹೊಸ ತಂಡ ಬಂದಾಗ ನನಗೆ ತೋಚಿದ್ದು ಒಂದೇ. ಓದಿ ತಪ್ಪು ಹೇಳುವ ರಿವ್ಯೂಗೆ ನಿನ್ನ ಬಸ್ ಪ್ರೋಗ್ರಾಮನ್ನೇ ಇಟ್ಟೆ. ಈ ಮಕ್ಕಳು ನಿನ್ನನ್ನು ಕಂಡವರಲ್ಲ, ಲ್ಯಾಬಿನ ಗೋಡೆಯ ಫೋಟೊ ಕಂಡವರು. ಸಹಪಾಠಿಯ ಮುಲಾಜು ಇಲ್ಲದಿದ್ದರೆ ಬಾಯಿ ಬಿಡಬಹುದು ಎಂಬುದು ನನ್ನ ಲೆಕ್ಕ. ಹುಲೇಕಲ್ಲಿನ ಶ್ರೀಧರ ಎದ್ದು ನಿಂತು, "ತೀರಿಹೋದವ್ರ ತಪ್ಪು ಹುಡುಕದಾ ಸರ್? ಎಂಗೆ ಆಗ್ತಿಲ್ಲೆ" ಎಂದ. ಉಳಿದವರೂ ಫೋಟೊ ನೋಡಿದರು, ನೆಲ ನೋಡಿದರು. ಆ ವಾರ ಬಂದ ರಿವ್ಯೂಗಳಲ್ಲಿ ಮತ್ತೆ ಚೊಲೋ ಇದ್ದು, ಚೊಲೋ ಇದ್ದು. ಒಬ್ಬಳಂತೂ ಕೊನೆಗೆ ನಮಸ್ಕಾರವನ್ನೂ ಸೇರಿಸಿದ್ದಳು. ಪರಿಶೀಲಕರು ಬರುವ ತಿಂಗಳು ಅದು. ನಿನ್ನ ಕೋರ್ಸು ನನ್ನ ಕೈಯಲ್ಲೇ ಮುಗಿಯಿತು ಎಂದುಕೊಂಡೆ.

ಗಣಪತಿ ಕರೆದದ್ದು ಆಗ. ನಾನು ಹೋದಾಗ ನಸ್ರೀನ್ ಕಂಪ್ಯೂಟರಿನ ಮುಂದಿದ್ದಳು. ಅವಳ ಸುತ್ತ ಅರ್ಧ ತರಗತಿ ನೆರೆದಿತ್ತು.

"ಸರ್, ಕೊನೆ ಬಸ್ಸಿನ ಟೈಮ್ ದಾಟಿದ್ಮೇಲೆ ಕೇಳಿದ್ರೆ ಇದು ಉತ್ತರನೇ ಕೊಡಲ್ಲ. ಸುಮ್ನೆ ಹುಡುಕ್ತಾನೇ ಇರತ್ತೆ. ಬಸ್ ತಪ್ಪಿಸ್ಕೊಂಡವ್ರೇ ಅಲ್ವಾ ಜಾಸ್ತಿ ಕೇಳೋದು?"

"ಅದನ್ನ ನಿಂಗೆ ಯಾರು ಹೇಳಿದ್ರು?"

"ನಂಗೇ ಎಷ್ಟ್ ಸಲ ತಪ್ಪಿಲ್ಲ! ನಮ್ಮ ಅಬ್ಬಾ ಲಾರಿ ತಗೊಂಡು ಬಂದು ಬೈಕೋತಾ ಕರ್ಕೊಂಡ್ ಹೋಗಿದಾರೆ."

ಶ್ರೀಧರ ತಗ್ಗಿದ ದನಿಯಲ್ಲಿ, "ಮಾರಾಯ್ತಿ, ಅಕ್ಕೋರು ಈಗ ಇಲ್ಲೆ" ಎಂದ.

"ಇಲ್ಲ ಅಂತ ಬಸ್ ತಪ್ಪಿದವ್ರು ಕಾಯ್ತಾ ಕೂರ್ಬೇಕೇನೋ? ಇದ್ದಿದ್ರೆ ಮುಖಕ್ಕೇ ಹೇಳ್ತಿದ್ದೆ" ಎಂದಳು ಅವಳು.

ಅಕ್ಕಾ, ಪರದೆಯ ಮೇಲೆ ನಾನು ಕಂಡದ್ದು ಇಷ್ಟು. ಪ್ರತಿ ಸಾಲಿನ ಪಕ್ಕ ನಿನ್ನ ಹೆಸರು. ನಡುವೆ ಒಂದು ಕಡೆ ಅವಳದು. ಇವತ್ತು ಬಸ್ ಇಲ್ಲದಿದ್ದರೆ ನಾಳೆಯ ಮೊದಲ ಬಸ್ ತೋರಿಸು ಎಂಬ ಸಾಲು. ಕೆಳಗೆ ಮತ್ತೆ ನಿನ್ನ ಹೆಸರು. ನೀನು ಬರೆದ ಹಳೆಯ ಸಾಲು ಅಳಿದಿರಲಿಲ್ಲ, ಗಿಟ್‌ನ ದಾಖಲೆಯಲ್ಲಿ ಕೆಂಪಾಗಿ ಹಾಗೇ ಇತ್ತು. ತಿದ್ದುವ ಮೊದಲು ತಪ್ಪನ್ನು ತೋರಿಸುವ ಪರೀಕ್ಷೆಯೊಂದನ್ನು ಬರೆದಿಟ್ಟಿದ್ದಳು, ನೀನು ಪಾಠದಲ್ಲಿ ಹೇಳಿದ ಕ್ರಮದಲ್ಲೇ. ಈ ಸಾಧನವನ್ನು ವರ್ಷಗಟ್ಟಲೆ ಬಳಸಿದವನು ನಾನು. ಅದು ಹೇಗೆ ಕೆಲಸ ಮಾಡುತ್ತದೆ ಎಂದು ಗೊತ್ತು. ಆದರೂ ಆ ಸಾಲುಗಳನ್ನು ಮತ್ತೆ ಮತ್ತೆ ಓದಿದೆ. ನಿನ್ನ ದನಿಯನ್ನೇ ಕೇಳದ ಹುಡುಗಿ ನಿನ್ನ ಮಾತಿಗೆ ಮಾತು ಕೂಡಿಸಿದ್ದಳು. ಇದನ್ನು ಏನೆಂದು ಕರೆಯಬೇಕು? ಹೀಗಾಗುತ್ತದೆ ಎಂದು ನಿನಗಾದರೂ ಗೊತ್ತಿತ್ತೇ, ಬಸ್ ಹೊತ್ತು ಬರೆದುಕೊಂಡು ಬಂದ ದಿನ?

ಮಾರನೇ ದಿನ ಶ್ರೀಧರನೇ ಶುರುಮಾಡಿದ. ನಾಳೆ ಭಾನುವಾರವಾದರೆ ಕಾನಸೂರಿಗೆ ಬೆಳಗಿನ ಬಸ್ಸೇ ಇಲ್ಲ, ನಸ್ರೀನಳ ತಿದ್ದುಪಡಿಯೂ ತಪ್ಪು ಎಂದು ಬರೆದ. ಅವಳು ವಾದಿಸಿದಳು, ಕೊನೆಗೆ ಒಪ್ಪಿದಳು, ಅವನ ಪ್ರೋಗ್ರಾಮಿನಲ್ಲಿ ಎರಡು ತಪ್ಪು ಹಿಡಿದು ಮುಯ್ಯಿ ತೀರಿಸಿದಳು. ಆಮೇಲೆ ಯಾರನ್ನೂ ಹಿಡಿಯಲಾಗಲಿಲ್ಲ.

ಮೊನ್ನೆ ಅದೇ ಪರಿಶೀಲಕರು ಬಂದರು. ಮಧ್ಯಾಹ್ನದ ಊಟ ಮರೆತು ಓದಿದರು. "ಈಗ ಚಲೋ ಜಗಳ ನಡದೈತ್ರಿ. ನಡೀಲಿ ಬಿಡ್ರಿ" ಎಂದು ಸಹಿ ಹಾಕಿದರು. ಲಿಖಿತ ಪರೀಕ್ಷೆ ಇಲ್ಲ. ಕೋರ್ಸು ನೀನು ರೂಪಿಸಿದ ಹಾಗೇ ಮುಂದುವರಿಯುತ್ತದೆ.

ಮುಂದಿನ ತಂಡದ ಮೊದಲ ಲ್ಯಾಬ್ ಸೋಮವಾರ ಬೆಳಿಗ್ಗೆ ಹತ್ತು ಗಂಟೆಗೆ. ರಿವ್ಯೂಗೆ ಇಡುವುದು ನಾನು ಬರೆದ ಪ್ರೋಗ್ರಾಮ್.